ಆಕಾಶದ ಹಾಜರಿ ಪುಸ್ತಕ

ನಮ್ಮ ಮದ್ರಸದ ಕಪಾಟಿನಲ್ಲಿ ಮಕ್ಕಳ ಹಾಜರಿ ಪುಸ್ತಕಗಳ ಸಾಲಿನಲ್ಲಿಯೇ ಇನ್ನೊಂದು ಹಾಜರಿ ಪುಸ್ತಕವಿದೆ. ಹೊರಗಿನಿಂದ ನೋಡಿದರೆ ಯಾವ ವ್ಯತ್ಯಾಸವೂ ತಿಳಿಯದು. ಅದೇ ದಪ್ಪ ರಟ್ಟು, ಅದೇ ಉದ್ದನೆಯ ಹಾಳೆ, ಅದೇ ಕೆಂಪು ಗೆರೆ. ತೆರೆದರೆ ಮಾತ್ರ ಹೆಸರುಗಳಿರಬೇಕಾದ ಜಾಗದಲ್ಲಿ 1ರಿಂದ 110ರವರೆಗಿನ ಅಂಕಿಗಳು ಕಾಣುತ್ತವೆ. ಪ್ರತಿ ಅಂಕಿಯ ಮುಂದೆ ನಮ್ಮ ಗುಂಪಿನ ಪ್ರತಿಯೊಬ್ಬರಿಗೂ ಒಂದೊಂದು ಚೌಕ. ಕೆಲವು ಚೌಕಗಳಲ್ಲಿ ಹಾಜರಿಯ ‘ಹಾ’ ಇದೆ, ಕೆಲವು ಖಾಲಿ ಇವೆ. 74ನೆಯ ಅಂಕಿಯ ಮುಂದೆ, ನಮ್ಮ ಚೌಕದಲ್ಲಿ, ಬರೆದು ಆಮೇಲೆ ಹೊಡೆದು ಹಾಕಿದ ಒಂದು ‘ಹಾ’ ಇದೆ. ಈ ಬರಹ ಆ ಹೊಡೆದು ಹಾಕಿದ ಅಕ್ಷರದ ಕುರಿತಾದದ್ದು.

ವಿಷಯ ಆರಂಭವಾದದ್ದು ಒಬ್ಬ ಹುಡುಗನ ಪ್ರಶ್ನೆಯಿಂದ. ಮುಸ್ಲಿಮ್ ವಿದ್ವಾಂಸರು ವಿಜ್ಞಾನಕ್ಕೆ ಕೊಟ್ಟ ಕೊಡುಗೆಯ ಕುರಿತು ಮಾತನಾಡುವುದು ನಮಗೆ ಹಲವು ವರ್ಷಗಳ ರೂಢಿ. ಮೀಲಾದ್ ಸಭೆಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ, ತರಗತಿಯಲ್ಲಿ ಅವೇ ಹೆಸರುಗಳನ್ನು ಅದೇ ಕ್ರಮದಲ್ಲಿ ಹೇಳುತ್ತಾ ಬಂದಿದ್ದೆವು. ಅವುಗಳಲ್ಲಿ ಅಬ್ದುರ್ರಹ್ಮಾನ್ ಅಸ್ಸೂಫಿಯವರ ಹೆಸರೂ ಒಂದು. 903ರಲ್ಲಿ ರಯ್ ನಗರದಲ್ಲಿ ಜನಿಸಿದ ಅವರು ಬುವೈಹಿ ದೊರೆ ಅದುದುದ್ದೌಲಾನ ಆಶ್ರಯದಲ್ಲಿದ್ದು, 964ರ ಸುಮಾರಿಗೆ ಸ್ಥಿರ ನಕ್ಷತ್ರಗಳ ಕುರಿತು ಒಂದು ಮಹಾಗ್ರಂಥವನ್ನು ರಚಿಸಿದರು. ಇಂದು ದೇವಯಾನಿ ಗ್ಯಾಲಕ್ಸಿ ಅಥವಾ ಆಂಡ್ರೊಮಿಡಾ ಎಂದು ಕರೆಯಲಾಗುವ ಆಕಾಶಕಾಯವನ್ನು ಆ ಗ್ರಂಥದಲ್ಲಿ ಅವರು ಒಂದು ‘ಸಣ್ಣ ಮೋಡ’ವೆಂದು ದಾಖಲಿಸಿದ್ದಾರೆ. ದೂರದರ್ಶಕ ಹುಟ್ಟುವುದಕ್ಕೆ ಆರು ಶತಮಾನಗಳಿಗೂ ಮೊದಲು, ಬರಿಗಣ್ಣಿನಿಂದ ಕಂಡ ದಾಖಲೆ ಅದು. ಈ ಭಾಗ ಬಂದಾಗಲೆಲ್ಲ ನಮ್ಮ ಧ್ವನಿ ಏರುತ್ತಿತ್ತು, ಸಭೆ ತಲೆದೂಗುತ್ತಿತ್ತು.

ಒಂದು ದಿನ ತರಗತಿ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಹತ್ತಿರ ಬಂದು ಕೇಳಿದ: “ಉಸ್ತಾದ್, ಆ ಸಣ್ಣ ಮೋಡವನ್ನು ನೀವು ನೋಡಿದ್ದೀರಾ?”

ನೋಡಿರಲಿಲ್ಲ. ಅದು ಆಕಾಶದ ಯಾವ ಭಾಗದಲ್ಲಿದೆ, ಯಾವ ತಿಂಗಳಲ್ಲಿ ಕಾಣುತ್ತದೆ ಎಂಬುದು ಕೂಡ ತಿಳಿದಿರಲಿಲ್ಲ. ಅಸ್ಸೂಫಿಯವರ ಕುರಿತು ಆ ಬಳಿಕ ಓದತೊಡಗಿದಾಗ ನಮಗೆ ಇನ್ನಷ್ಟು ನಾಚಿಕೆಯಾಯಿತು. ತಮ್ಮ ಗ್ರಂಥದ ಪೀಠಿಕೆಯಲ್ಲಿ ಅವರು ಟೀಕಿಸುವುದು ಯಾರನ್ನು? ಆಕಾಶವನ್ನು ಸ್ವತಃ ನೋಡದೆ, ಹಿಂದಿನವರ ಪುಸ್ತಕಗಳನ್ನೂ ಕುಶಲಕರ್ಮಿಗಳು ಮಾಡಿದ ಖಗೋಳದ ಗುಂಡುಗಳನ್ನೂ ನೆಚ್ಚಿಕೊಂಡು ನಕ್ಷತ್ರಗಳ ಬಗ್ಗೆ ಬರೆಯುವವರನ್ನು. ಗ್ರೀಕ್ ವಿದ್ವಾಂಸ ಟಾಲೆಮಿಯ ಪಟ್ಟಿಯನ್ನು ಅವರು ಮುಂದಿಟ್ಟುಕೊಂಡರು ನಿಜ; ಆದರೆ ಒಂದೊಂದು ನಕ್ಷತ್ರವನ್ನೂ ತಾವೇ ನೋಡಿ, ಅದರ ಹೊಳಪನ್ನು ತಾವೇ ಅಳೆದು, ವ್ಯತ್ಯಾಸ ಕಂಡಲ್ಲಿ ಅದನ್ನು ಬರೆದರು. ಯಾರ ಹೆಸರನ್ನು ಹೇಳಿ ನಾವು ಹೆಮ್ಮೆಪಡುತ್ತಿದ್ದೆವೋ, ಅವರ ಟೀಕೆಗೆ ಗುರಿಯಾಗಬೇಕಾದವರ ಸಾಲಿನಲ್ಲಿಯೇ ನಾವು ನಿಂತಿದ್ದೆವು.

ಸಮೀಪದ ಪ್ರೌಢಶಾಲೆಯ ವಿಜ್ಞಾನ ಅಧ್ಯಾಪಕರೊಬ್ಬರಿಗೆ ಈ ಸಂಗತಿ ಹೇಳಿದೆವು. ಅವರು ನಕ್ಕರು. ಅವರ ಮನೆಯ ಅಟ್ಟದಲ್ಲಿ ಆರು ಇಂಚಿನ ಕನ್ನಡಿಯ ದೂರದರ್ಶಕವೊಂದು ಬಟ್ಟೆ ಹೊದ್ದು ಕುಳಿತಿತ್ತು. ಗಲ್ಫ್‌ನಿಂದ ಮರಳಿ ಬಂದು ಅಂಗಡಿ ಇಟ್ಟಿರುವ ಹಾಜಿಯವರೊಬ್ಬರು ತಮ್ಮ ಬೈನಾಕ್ಯುಲರ್ ಕೊಟ್ಟರು. ಕರಾವಳಿಯ ಆಕಾಶ ಇದಕ್ಕೆ ಹೊಂದುವುದಿಲ್ಲ. ಕಡಲಿನ ತೇವ, ಪೇಟೆಯ ದೀಪ, ದೋಣಿಗಳ ದೀಪ, ಎಲ್ಲವೂ ಸೇರಿ ರಾತ್ರಿಯನ್ನು ಬೂದುಬಣ್ಣಕ್ಕೆ ತಿರುಗಿಸುತ್ತವೆ. ನಮ್ಮ ಮಸೀದಿಯ ಮಿನಾರದ ದೀಪಗಳೂ ಅದರಲ್ಲಿ ಪಾಲುದಾರರು. ಆದ್ದರಿಂದ ಚಾರ್ಮಾಡಿ ಘಟ್ಟ ಹತ್ತಿ, ಮೂಡಿಗೆರೆ ಕಡೆಯಲ್ಲಿ ಬಂಧುವೊಬ್ಬರ ಕಾಫಿ ತೋಟಕ್ಕೆ ಹೋದೆವು. ಅಲ್ಲಿ ಕಾಫಿ ಒಣಗಿಸುವ ವಿಶಾಲವಾದ ಕಣವಿದೆ. ಅಂದು ಇಶಾ ನಮಾಝ್ ಮುಗಿಸಿ ದೀಪಗಳನ್ನೆಲ್ಲ ಆರಿಸಿ ಅಲ್ಲಿ ನಿಂತೆವು.

ಸಣ್ಣ ಮೋಡ ಕಂಡಿತು. ಕ್ಯಾಲೆಂಡರುಗಳಲ್ಲಿ ಬರುವಂತಹ ಬಣ್ಣದ ಸುಳಿಯಲ್ಲ. ಕನ್ನಡಿಯ ಮೇಲೆ ಉಸಿರು ಬಿಟ್ಟಾಗ ಮೂಡುವ ಮಬ್ಬಿನಂತಹ ಒಂದು ಗುರುತು. ಅಸ್ಸೂಫಿಯವರ ಪದ ಎಷ್ಟು ಪ್ರಾಮಾಣಿಕವಾದದ್ದೆಂದು ಆಗ ಅರಿವಾಯಿತು. ಅವರು ಕಂಡದ್ದಕ್ಕಿಂತ ಒಂದಿಷ್ಟೂ ಹೆಚ್ಚು ಹೇಳಿರಲಿಲ್ಲ. ಆ ಬೆಳಕು ಸುಮಾರು 25 ಲಕ್ಷ ವರ್ಷಗಳ ಹಿಂದೆ ಹೊರಟದ್ದು ಎಂದು ಅಧ್ಯಾಪಕರು ವಿವರಿಸಿದಾಗ ಹುಡುಗರು ಮೌನವಾದರು. ಪ್ರಶ್ನೆ ಕೇಳಿದ್ದ ಹುಡುಗ ಎರಡು ಬಾರಿ ಸಾಲಿನಲ್ಲಿ ನಿಂತ.

ಆ ರಾತ್ರಿಯೇ ಅಧ್ಯಾಪಕರು ಹೇಳಿದ್ದು: “ಒಂದನ್ನು ನೋಡಿ ನಿಲ್ಲಿಸುವುದೇಕೆ ಉಸ್ತಾದ್? ಇದು ಒಂದು ಪಟ್ಟಿಯಲ್ಲಿ 31ನೆಯದ್ದು. ಇನ್ನೂ 109 ಉಳಿದಿವೆ.”

ಆ ಪಟ್ಟಿ ಫ್ರಾನ್ಸಿನ ಚಾರ್ಲ್ಸ್ ಮೆಸಿಯೇ ಅವರದ್ದು. 1730ರಲ್ಲಿ ಜನಿಸಿದ ಅವರು ಪ್ಯಾರಿಸ್ ನಗರದ ಒಂದು ಕಟ್ಟಡದ ಮೇಲಿನ ವೀಕ್ಷಣಾಲಯದಿಂದ ಧೂಮಕೇತುಗಳನ್ನು ಹುಡುಕುತ್ತಿದ್ದರು. 1758ರಲ್ಲಿ ಒಂದು ಧೂಮಕೇತುವನ್ನು ಹಿಂಬಾಲಿಸುತ್ತಿದ್ದಾಗ ವೃಷಭ ರಾಶಿಯಲ್ಲಿ ಅದೇ ಬಗೆಯ ಮಬ್ಬು ಗುರುತೊಂದು ಕಂಡಿತು. ಧೂಮಕೇತುವಾದರೆ ದಿನದಿಂದ ದಿನಕ್ಕೆ ಸರಿಯಬೇಕು; ಇದು ಸರಿಯಲಿಲ್ಲ. ಮುಂದೆ ಯಾರೂ ಮೋಸಹೋಗದಿರಲೆಂದು ಅವರು ಅದನ್ನು ಬರೆದಿಟ್ಟರು. ಅದೇ ಪಟ್ಟಿಯ ಮೊದಲನೆಯದ್ದು, ಎಂ 1. ಹೀಗೆ ಆರಂಭವಾದದ್ದು 1774ರಲ್ಲಿ 45 ಕಾಯಗಳ ಪಟ್ಟಿಯಾಗಿ ಪ್ರಕಟವಾಯಿತು, 1781ರ ಹೊತ್ತಿಗೆ 103 ಆಯಿತು. ಅವರೂ ಅವರ ಸಹೋದ್ಯೋಗಿ ಪಿಯರ್ ಮೆಶೇನ್ ಅವರೂ ಕಂಡಿದ್ದ ಇನ್ನು ಕೆಲವನ್ನು 20ನೆಯ ಶತಮಾನದ ವಿದ್ವಾಂಸರು ಸೇರಿಸಿ 110 ಮಾಡಿದರು. ನಕ್ಷತ್ರಗುಚ್ಛಗಳು, ನೀಹಾರಿಕೆಗಳು, ಗ್ಯಾಲಕ್ಸಿಗಳು ಅದರಲ್ಲಿವೆ. ತಾನು ಹುಡುಕುತ್ತಿದ್ದ ವಸ್ತುವಲ್ಲದ್ದನ್ನು ಒಬ್ಬ ಮನುಷ್ಯ ಶ್ರದ್ಧೆಯಿಂದ ಬರೆದಿಟ್ಟ ಪಟ್ಟಿ ಇದು. ಅವರು ಕಂಡುಹಿಡಿದ ಧೂಮಕೇತುಗಳನ್ನು ಇಂದು ನೆನೆಯುವವರು ವಿರಳ. ಆದರೆ ಈ ಪಟ್ಟಿಯನ್ನು ಹಿಡಿದುಕೊಂಡು ಜಗತ್ತಿನ ಎಲ್ಲೆಡೆಯ ಹವ್ಯಾಸಿಗಳು ರಾತ್ರಿ ಅಂಗಳಕ್ಕಿಳಿಯುತ್ತಾರೆ. ಮಾರ್ಚ್ ತಿಂಗಳ ಕೊನೆಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಒಂದೇ ರಾತ್ರಿಯಲ್ಲಿ 110ನ್ನೂ ನೋಡಿ ಮುಗಿಸಲು ಯತ್ನಿಸುವವರೂ ಇದ್ದಾರೆ. ನಾವು ಆ ಓಟಕ್ಕೆ ಹೋಗಲಿಲ್ಲ. ತಿಂಗಳಿಗೊಮ್ಮೆ, ಚಂದ್ರನಿಲ್ಲದ ರಾತ್ರಿಗಳಲ್ಲಿ, ಮಳೆಗಾಲ ಬಿಟ್ಟು, ನಿಧಾನವಾಗಿ ನೋಡಲು ನಿಶ್ಚಯಿಸಿದೆವು. ಲೆಕ್ಕವಿಡಲು ಮದ್ರಸದ ಒಂದು ಹೊಸ ಹಾಜರಿ ಪುಸ್ತಕವನ್ನು ತೆಗೆದುಕೊಂಡೆವು.

ಆಡಳಿತ ಸಮಿತಿಯ ಹಿರಿಯರೊಬ್ಬರು ಒಮ್ಮೆ ವಿಚಾರಿಸಿದರು: “ರಾತ್ರಿ ಮಕ್ಕಳನ್ನು ಘಟ್ಟಕ್ಕೆ ಕರೆದುಕೊಂಡು ಹೋಗಿ ನಕ್ಷತ್ರ ತೋರಿಸುತ್ತೀರಂತೆ. ಜ್ಯೋತಿಷ್ಯ ಹೇಳಿಕೊಡುವುದಿಲ್ಲವಷ್ಟೆ?” ಪ್ರಶ್ನೆ ನ್ಯಾಯವಾದದ್ದೇ. ನಕ್ಷತ್ರಗಳನ್ನು ನೋಡಿ ಭವಿಷ್ಯ ಹೇಳುವುದು ಬೇರೆ, ನಕ್ಷತ್ರಗಳನ್ನು ನೋಡಿ ದಿಕ್ಕು, ಕಾಲ, ಲೆಕ್ಕ ತಿಳಿಯುವುದು ಬೇರೆ ಎಂದು ವಿವರಿಸಿದೆವು. ಅಲ್‌ದಬರಾನ್, ರಿಜಿಲ್, ದನೆಬ್ ಮುಂತಾಗಿ ಜಗತ್ತು ಇಂದಿಗೂ ಬಳಸುವ ನಕ್ಷತ್ರಗಳ ಹೆಸರುಗಳು ಹಿಂಬಾಲಿಸುವವನು, ಕಾಲು, ಬಾಲ ಎಂಬ ಅರ್ಥದ ಸರಳ ಅರಬಿ ಪದಗಳೆಂದು ಹೇಳಿದಾಗ ಅವರ ಮುಖ ಅರಳಿತು. ಮುಂದಿನ ಬಾರಿ ತಮ್ಮ ಮೊಮ್ಮಗನನ್ನೂ ಕಳುಹಿಸಿದರು.

ಈ ಕೆಲಸದ ಸ್ವರೂಪವನ್ನು ಓದುಗರಿಗೆ ಸ್ವಲ್ಪ ತಿಳಿಸಬೇಕು. ಇಲ್ಲದಿದ್ದರೆ ಮುಂದೆ ನಡೆದದ್ದರ ಗುಟ್ಟು ತಿಳಿಯದು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ನಡುವೆ ಯಾರಾದರೂ ಒಮ್ಮೆ ಮೊಬೈಲ್ ಬೆಳಗಿಸಿದರೆ ಅಷ್ಟೂ ವ್ಯರ್ಥ. ಆದ್ದರಿಂದ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿ ನಕ್ಷೆ ನೋಡುತ್ತೇವೆ. ಹುಡುಕಬೇಕಾದ ವಸ್ತು ಬರಿಗಣ್ಣಿಗೆ ಕಾಣದಿರುವುದರಿಂದ, ಕಾಣುವ ಒಂದು ನಕ್ಷತ್ರದಿಂದ ಹೊರಟು, ತೋಡು ದಾಟುವಾಗ ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಡುವಂತೆ, ನಕ್ಷತ್ರದಿಂದ ನಕ್ಷತ್ರಕ್ಕೆ ದೂರದರ್ಶಕವನ್ನು ಸರಿಸುತ್ತಾ ಹೋಗಬೇಕು. ಕೊನೆಗೆ ಆ ಜಾಗ ತಲುಪಿದ ಮೇಲೂ ಮಸುಕಾದ ಗ್ಯಾಲಕ್ಸಿಯನ್ನು ನೇರವಾಗಿ ನೋಡಿದರೆ ಅದು ಮಾಯವಾಗುತ್ತದೆ. ಕಣ್ಣಿನ ಅಕ್ಷಿಪಟಲದ ನಡುಭಾಗ ಹಗಲಿನ ಬೆಳಕಿಗೂ ಬಣ್ಣಕ್ಕೂ ಹೊಂದಿದ್ದು. ಮಂದ ಬೆಳಕನ್ನು ಹಿಡಿಯುವುದು ಅದರ ಸುತ್ತಲಿನ ಭಾಗ. ಆದುದರಿಂದ ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟು, ಓರೆಗಣ್ಣಿನಿಂದ ಅದನ್ನು ಗಮನಿಸಬೇಕು. ಆಗ ಏನೋ ಒಂದು ಮಬ್ಬು ಬಂದಂತಾಗುತ್ತದೆ, ಹೋದಂತಾಗುತ್ತದೆ.

ಅಪಾಯವಿರುವುದು ಇಲ್ಲಿಯೇ. ಬಂದಂತಾದದ್ದು ನಿಜವಾಗಿ ಬಂದದ್ದೇ, ಇಲ್ಲವೇ ಮನಸ್ಸಿನ ಆಸೆಯೇ? ಘಟ್ಟದ ಚಳಿಯಲ್ಲಿ ಕಾಲ ಮೇಲೆ ಕಾಲು ಬದಲಿಸುತ್ತಾ ನಿಂತ ಮನುಷ್ಯನಿಗೆ, ಹಿಂದೆ ಆರು ಮಂದಿ ಸರದಿಯಲ್ಲಿ ಕಾಯುತ್ತಿರುವಾಗ, ‘ಕಂಡಿತು’ ಎಂದು ಹೇಳುವುದು ಬಹಳ ಸುಲಭ.

ಎಂ 74 ಎಂಬುದು ಮೀನ ರಾಶಿಯ ಒಂದು ಗ್ಯಾಲಕ್ಸಿ. 1780ರಲ್ಲಿ ಮೆಶೇನ್ ಅದನ್ನು ಕಂಡರು. ಸುಮಾರು 3 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅದರ ಬೆಳಕು ಅಗಲವಾಗಿ ಹರಡಿಹೋಗಿರುವುದರಿಂದ ಸಣ್ಣ ದೂರದರ್ಶಕಗಳಲ್ಲಿ ಪಟ್ಟಿಯ ಅತ್ಯಂತ ಕಷ್ಟದ ವಸ್ತುಗಳಲ್ಲಿ ಅದೊಂದು. ನಮ್ಮ ಎರಡನೆಯ ಚಳಿಗಾಲದ ಡಿಸೆಂಬರ್ ತಿಂಗಳ ಒಂದು ರಾತ್ರಿ ಅದರ ಸರದಿ ಬಂತು. ಕಣದ ಒಂದು ಮೂಲೆಯಲ್ಲಿ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲಿನ್ ಹೊದಿಸಿದ್ದರು. ಆಕಾಶ ಶುಭ್ರವಾಗಿತ್ತು. ಅಧ್ಯಾಪಕರು ಬಹಳ ಹೊತ್ತು ಹುಡುಕಿ, “ಇಲ್ಲೇ ಇರಬೇಕು, ಮಸುಕಾಗಿ ಏನೋ ಇದೆ” ಎಂದು ಹೇಳಿ ಸರಿದು ನಿಂತರು.

ನಾವು ಬಗ್ಗಿ ನೋಡಿದೆವು. ಕಪ್ಪು ಹಿನ್ನೆಲೆ, ನಾಲ್ಕಾರು ಚುಕ್ಕೆಗಳು. ಓರೆಗಣ್ಣಿನಿಂದ ನೋಡಿದೆವು. ಉಸಿರು ಹಿಡಿದು ನೋಡಿದೆವು. ಏನೂ ಇರಲಿಲ್ಲ. ಆದರೆ ನಮ್ಮ ಬಾಯಿಂದ ಬಂದದ್ದು, “ಮಾಶಾ ಅಲ್ಲಾಹ್, ಇದೆ.” ಕೆಂಪು ಟಾರ್ಚಿನ ಬೆಳಕಿನಲ್ಲಿ ಪುಸ್ತಕ ತೆರೆದು ನಮ್ಮ ಚೌಕದಲ್ಲಿ ‘ಹಾ’ ಎಂದು ಬರೆದೆವು. ನಮ್ಮ ಬಳಿಕ ಮೂವರು ಹುಡುಗರು ಒಬ್ಬೊಬ್ಬರಾಗಿ ನೋಡಿದರು. ಮೂವರೂ ಕಂಡಿತೆಂದರು. ಮೂವರೂ ಬರೆದರು. ಕೊನೆಯಲ್ಲಿ ಅಧ್ಯಾಪಕರ ಮಗಳು ಬಂದಳು. ಆಗ ಅವಳು ನಮ್ಮಲ್ಲಿ ಆರನೆಯ ತರಗತಿಯಲ್ಲಿದ್ದಳು. ಸ್ಟೂಲಿನ ಮೇಲೆ ನಿಂತು, ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿ, ಇಳಿದು ಹೇಳಿದಳು: “ನನಗೆ ಏನೂ ಕಾಣಲಿಲ್ಲ ಉಸ್ತಾದ್.”

ಇನ್ನೊಮ್ಮೆ ನೋಡಲು ಹೇಳಿದೆವು. ನೋಡಿದಳು. “ಇಲ್ಲ ಉಸ್ತಾದ್. ನಕ್ಷತ್ರ ಮಾತ್ರ ಇದೆ.” ಹುಡುಗರಲ್ಲೊಬ್ಬ ನಕ್ಕ. ಅವಳು ಅಳುವಂತಾದಳು, ಆದರೆ ಮಾತು ಬದಲಿಸಲಿಲ್ಲ. ಪೆನ್ನು ತೆಗೆದುಕೊಳ್ಳಲೂ ಇಲ್ಲ.

ಅಧ್ಯಾಪಕರು ಮಗಳ ಮುಖ ನೋಡಿ, ಏನೂ ಹೇಳದೆ ನಕ್ಷೆಯನ್ನು ಮತ್ತೆ ಬಿಡಿಸಿದರು. ದೂರದರ್ಶಕದಲ್ಲಿ ನೋಡಿದರು, ನಕ್ಷೆ ನೋಡಿದರು, ಮತ್ತೆ ನೋಡಿದರು. ಆಮೇಲೆ ಬಹಳ ಮೆಲ್ಲನೆ ಹೇಳಿದರು: “ನಾವು ಹೊರಟ ನಕ್ಷತ್ರವೇ ತಪ್ಪು. ಮೀನ ರಾಶಿಯದ್ದಲ್ಲ, ಪಕ್ಕದ ಮೇಷದ್ದು. ಇಲ್ಲಿ ಎಂ 74 ಇಲ್ಲ.”

ಇಲ್ಲದ ವಸ್ತುವನ್ನು ಐದು ಮಂದಿ ಕಂಡಿದ್ದೆವು. ಇಲ್ಲವೆಂದವಳು ಒಬ್ಬಳೇ.

ಘಟ್ಟ ಇಳಿಯುವಾಗ ವ್ಯಾನಿನಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಹುಡುಗರು ನಿದ್ರೆ ಹೋದರು. ನಮಗೆ ನಿದ್ರೆ ಬರಲಿಲ್ಲ. ಅಧ್ಯಾಪಕರದ್ದು ತಪ್ಪು, ತಪ್ಪಾದ ಜಾಗದಲ್ಲಿ ಹುಡುಕಿ, ಇರಬೇಕು ಎಂದು ಊಹಿಸಿದರು. ಹುಡುಗರದ್ದು ಭಯ, ಉಸ್ತಾದರು ಕಂಡೆನೆಂದ ಮೇಲೆ ಕಾಣಲಿಲ್ಲವೆನ್ನುವುದು ಹೇಗೆ? ನಮ್ಮದು ತಪ್ಪೂ ಅಲ್ಲ, ಭಯವೂ ಅಲ್ಲ. ಕಾಣಲಿಲ್ಲವೆಂದು ನಮಗೆ ಸ್ಪಷ್ಟವಾಗಿ ಗೊತ್ತಿತ್ತು. ಮಕ್ಕಳ ಮುಂದೆ ಕಿರಿದಾಗಬಾರದೆಂಬ ಒಂದೇ ಕಾರಣಕ್ಕೆ ‘ಇದೆ’ ಎಂದಿದ್ದೆವು. ಅದಕ್ಕೆ ಕನ್ನಡದಲ್ಲೂ ಅರಬಿಯಲ್ಲೂ ಇರುವ ಹೆಸರು ಒಂದೇ, ಸುಳ್ಳು.

ಒಂದು ಮಸುಕಾದ ಗ್ಯಾಲಕ್ಸಿಯನ್ನು ಕಂಡೆನೆಂದರೆ ಯಾರಿಗೇನು ನಷ್ಟ ಎಂದು ಓದುಗರು ಕೇಳಬಹುದು. ನಾವೂ ನಮ್ಮನ್ನು ಹಾಗೆಯೇ ಸಮಾಧಾನಪಡಿಸಿಕೊಳ್ಳಲು ನೋಡಿದೆವು. ಆದರೆ ನಕ್ಷತ್ರ ನೋಡಲು ಹೋಗುವುದು ಚಂದ್ರನಿಲ್ಲದ ದಿನಗಳಲ್ಲಿ. ಅಂದರೆ ತಿಂಗಳ ಕೊನೆಯಲ್ಲಿ. ಘಟ್ಟದಿಂದ ಇಳಿದ ಎರಡನೆಯ ದಿನವೇ ಚಂದ್ರಮಾಸದ 29. ಎಂದಿನಂತೆ ಮಗ್‌ರಿಬ್ ನಮಾಝಿನ ಬಳಿಕ ಬಾಲಚಂದ್ರನನ್ನು ನೋಡಲು ಮಸೀದಿಯ ತಾರಸಿ ಹತ್ತಿದೆವು. ರಮಝಾನ್ ಅಲ್ಲದ ತಿಂಗಳಾದ್ದರಿಂದ ಮೇಲೆ ಬಂದವರು ನಾಲ್ವರೇ. ಪಶ್ಚಿಮದಲ್ಲಿ ಕಡಲಿನ ಮೇಲೆ ಕೆಂಪು ಇನ್ನೂ ಆರಿರಲಿಲ್ಲ. ಅಲ್ಲಿ ನಿಂತಾಗ ಹಲವು ವರ್ಷಗಳ ಹಿಂದಿನ ಒಂದು ಸಂಜೆ ನೆನಪಿಗೆ ಬಂತು.

ಅದು ರಮಝಾನಿನ 29ನೆಯ ಸಂಜೆ. ಯುವಕನೊಬ್ಬ ಓಡಿಬಂದು ಚಂದ್ರನನ್ನು ಕಂಡೆನೆಂದ. ಇಡೀ ಊರು ಕಾಯುತ್ತಿತ್ತು. ಹಿರಿಯರ ಜೊತೆ ಕುಳಿತು ನಾವೂ ಅವನನ್ನು ಪ್ರಶ್ನಿಸಿದ್ದೆವು. ಎಷ್ಟು ಹೊತ್ತಿಗೆ ಕಂಡೆ? ಸೂರ್ಯ ಮುಳುಗಿದ ಜಾಗದಿಂದ ಯಾವ ಕಡೆಗಿತ್ತು? ಎಷ್ಟು ಎತ್ತರದಲ್ಲಿ? ಕೊಂಬುಗಳು ಯಾವ ದಿಕ್ಕಿಗಿದ್ದವು? ಎರಡು ಪ್ರಶ್ನೆಗಳಿಗೆ ಅವನು ಏನೇನೋ ಹೇಳಿದ. ಮೂರನೆಯದಕ್ಕೆ ತಲೆ ತಗ್ಗಿಸಿ, “ನನ್ನ ಪಕ್ಕದವರು ಕಂಡಿತು ಅಂದರು, ನನಗೂ ಕಂಡಂತಾಯಿತು” ಎಂದ. ಅವನನ್ನು ಗದರಿಸದೆ ಕಳುಹಿಸಿದೆವು. ಮರುದಿನ ಊರು ಉಪವಾಸ ಪೂರ್ತಿ ಮಾಡಿತು. ಅವನು ಒಂದು ಸಾಕ್ಷ್ಯದಿಂದ ಸಾವಿರಾರು ಮನೆಗಳ ಉಪವಾಸವನ್ನೂ ಹಬ್ಬವನ್ನೂ ಬದಲಿಸಬಹುದಿತ್ತು. ಪ್ರಶ್ನಿಸಿದಾಗ ಸತ್ಯ ಹೇಳಿದ. ಆ ರಾತ್ರಿ ಮನೆಗೆ ಹೋಗಿ ನಾವು ಅವನ ದೌರ್ಬಲ್ಯದ ಕುರಿತು ಮಾತನಾಡಿದ್ದು ನೆನಪಿದೆ. ಈಗ ಅದೇ ತಾರಸಿಯ ಮೇಲೆ ನಿಂತು ಅವನ ಜಾಗದಲ್ಲಿ ನಮ್ಮನ್ನು ಇಟ್ಟು ನೋಡಿದರೆ ಅವನು ನಮಗಿಂತ ಮೇಲಿದ್ದ. ನಮಗೆ ‘ಕಂಡಂತೆ’ ಕೂಡ ಆಗಿರಲಿಲ್ಲ.

ಕಣ್ಣಿನ ಸಾಕ್ಷ್ಯ ಎಂಬುದು ಅಭ್ಯಾಸದಿಂದ ಬರುವಂತಹದ್ದು. ಏನೂ ನಷ್ಟವಿಲ್ಲದ ಸಣ್ಣ ವಿಷಯದಲ್ಲಿ ‘ಕಾಣಲಿಲ್ಲ’ ಎಂದು ಹೇಳಲಾಗದ ನಾಲಿಗೆ, ಊರೇ ಕಾಯುತ್ತಿರುವ ದೊಡ್ಡ ವಿಷಯದಲ್ಲಿ ಅದನ್ನು ಹೇಳುವುದೆಂಬ ಭರವಸೆ ಏನು? ಆ ಮೂವರು ಹುಡುಗರಿಗೆ ಅಂದು ನಾವು ಕಲಿಸಿದ್ದು ಖಗೋಳವನ್ನಲ್ಲ. ಹಿರಿಯರು ಹೇಳಿದ್ದನ್ನು ತಮ್ಮ ಕಣ್ಣು ಕಂಡಿತೆಂದು ಹೇಳುವುದನ್ನು.

ಮುಂದಿನ ತರಗತಿಯಲ್ಲಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಮಕ್ಕಳಿಗೆ ನಡೆದದ್ದನ್ನು ಹೇಳಿದೆವು. ಅಂದು ಕಾಣದೆ ಕಂಡೆನೆಂದದ್ದು ಉಸ್ತಾದರ ಸುಳ್ಳೆಂದು ನೇರವಾಗಿಯೇ ಹೇಳಿ, ಎಲ್ಲರ ಮುಂದೆ ನಮ್ಮ ‘ಹಾ’ವನ್ನು ಹೊಡೆದು ಹಾಕಿದೆವು. ತರಗತಿ ಸ್ತಬ್ಧವಾಯಿತು. ಸ್ವಲ್ಪ ಹೊತ್ತಿನ ಬಳಿಕ ಒಬ್ಬ ಹುಡುಗ ಎದ್ದು ಬಂದು ತನ್ನದನ್ನು ಹೊಡೆದ, ಬಳಿಕ ಇನ್ನಿಬ್ಬರು. ಆ ಹುಡುಗಿ ತಲೆ ಎತ್ತಲಿಲ್ಲ. ಅವಳನ್ನು ಎಲ್ಲರ ಮುಂದೆ ಹೊಗಳಿ ಮುಜುಗರಪಡಿಸುವುದು ಬೇಡವೆಂದು ನಾವೂ ಸುಮ್ಮನಾದೆವು. ನಕ್ಕ ಹುಡುಗ ಮಾತ್ರ ಹೊರಗೆ ಹೋಗಿ ಅವಳ ಬಳಿ ಕ್ಷಮೆ ಕೇಳಿದನೆಂದು ಆಮೇಲೆ ತಿಳಿಯಿತು.

ಆ ಘಟನೆಯ ನಂತರ ಪಟ್ಟಿಯ ಚರಿತ್ರೆಯನ್ನು ಹೆಚ್ಚು ಗಮನವಿಟ್ಟು ಓದಿದೆವು. ಆ ಪಟ್ಟಿಯಲ್ಲಿಯೇ ಇಂತಹ ಎಷ್ಟೋ ಪಾಠಗಳಿವೆ. 40ನೆಯ ಅಂಕಿ ಗ್ಯಾಲಕ್ಸಿಯೂ ಅಲ್ಲ, ನೀಹಾರಿಕೆಯೂ ಅಲ್ಲ. ತಮಗಿಂತ ಹಿಂದಿನ ಹೆವೀಲಿಯಸ್ ಎಂಬ ವಿದ್ವಾಂಸರು ಅಲ್ಲೊಂದು ನೀಹಾರಿಕೆ ಇದೆಯೆಂದು ಬರೆದಿದ್ದರು. ಮೆಸಿಯೇ ಹುಡುಕಿದರು, ಎರಡು ಮಂದ ನಕ್ಷತ್ರಗಳು ಮಾತ್ರ ಸಿಕ್ಕಿದವು. ದೊಡ್ಡವರು ಹೇಳಿದ್ದಾರಲ್ಲ ಎಂದು ನೀಹಾರಿಕೆ ಕಂಡೆನೆಂದು ಬರೆಯಲಿಲ್ಲ. ಎರಡು ನಕ್ಷತ್ರಗಳೆಂದೇ ಬರೆದರು. 102ನೆಯದ್ದು ಇನ್ನೂ ಸ್ವಾರಸ್ಯಕರ. ಅದನ್ನು ವರದಿ ಮಾಡಿದ ಮೆಶೇನ್ ಅವರೇ 1783ರಲ್ಲಿ ಬರ್ಲಿನ್‌ನ ವಿದ್ವಾಂಸರಿಗೆ ಪತ್ರ ಬರೆದು, ಅದು ಬೇರೆ ಕಾಯವಲ್ಲ, 101ನ್ನೇ ತಾನು ಎರಡನೆಯ ಬಾರಿ ಎಣಿಸಿದ್ದು ಎಂದು ತಿಳಿಸಿದರು. ಅವರು ಸುಮ್ಮನಿದ್ದರೆ ಆ ಕಾಲದಲ್ಲಿ ಕೇಳುವವರೇ ಇರಲಿಲ್ಲ. ಇಂದಿಗೂ ಕೆಲವರು 102ನೆಯ ಜಾಗದಲ್ಲಿ ಇನ್ನೊಂದು ಗ್ಯಾಲಕ್ಸಿಯನ್ನು ಇಟ್ಟು ನೋಡುತ್ತಾರೆ. ನಾವು ಆ ಸಾಲಿನಲ್ಲಿ ಎರಡನ್ನೂ ನಮೂದಿಸಿದ್ದೇವೆ. 91ನೆಯದ್ದರ ಸ್ಥಾನವನ್ನು ಮೆಸಿಯೇ ತಪ್ಪಾಗಿ ಗುರುತಿಸಿದ್ದರಿಂದ ಸುಮಾರು ಇನ್ನೂರು ವರ್ಷಗಳ ಕಾಲ ಅದು ಕಾಣೆಯಾಗಿತ್ತು. ಲೆಕ್ಕಹಾಕುವಾಗ ಅವರು ಒಂದು ಗುರುತಿನ ಬದಲು ಇನ್ನೊಂದನ್ನು ಆಧಾರವಾಗಿಟ್ಟುಕೊಂಡಿದ್ದರೆಂದು 1969ರಲ್ಲಿ ಪತ್ತೆಹಚ್ಚಿದವರು ಅಮೆರಿಕದ ಟೆಕ್ಸಾಸಿನ ಒಬ್ಬ ಹವ್ಯಾಸಿ. ನಾವು ಹೊರಟ ನಕ್ಷತ್ರವೂ ತಪ್ಪಾಗಿತ್ತಲ್ಲವೆ? ದಾರಿ ತಪ್ಪುವುದು ದೊಡ್ಡವರಿಗೂ ಆಗುವಂತಹದ್ದು. ಅಂತಹ ತಪ್ಪನ್ನು ಇನ್ನೊಬ್ಬರು ತಿದ್ದಬಹುದು. ಕಾಣದ್ದನ್ನು ಕಂಡೆನೆಂದರೆ ತಿದ್ದುವುದಕ್ಕೆ ದಾರಿಯೇ ಉಳಿಯುವುದಿಲ್ಲ.

ನಮ್ಮವರಲ್ಲಿಯೂ ಇಂತಹ ಮಾದರಿ ಇದೆ. ಸಮರ್‌ಕಂದದ ಉಲೂಗ್ ಬೇಗ್ ಅವರು 1437ರಲ್ಲಿ ಪೂರ್ಣಗೊಳಿಸಿದ ಪಟ್ಟಿಯಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳಿವೆ. ಅವುಗಳಲ್ಲಿ 27 ನಕ್ಷತ್ರಗಳು ತೀರಾ ದಕ್ಷಿಣದಲ್ಲಿದ್ದು ಸಮರ್‌ಕಂದದಿಂದ ವೀಕ್ಷಿಸಲು ಸಾಧ್ಯವಾಗದ್ದರಿಂದ, ಅವನ್ನು ಅಸ್ಸೂಫಿಯವರ ಗ್ರಂಥದಿಂದ ತೆಗೆದುಕೊಂಡುದಾಗಿ ಅವರು ಪೀಠಿಕೆಯಲ್ಲಿಯೇ ಹೇಳಿದ್ದಾರೆ. ರಾಜನೂ ಆಗಿದ್ದ ವಿದ್ವಾಂಸರಿಗೆ ‘ಇವು ನಾನು ನೋಡಿದವಲ್ಲ’ ಎಂದು ಬರೆಯಲು ಸಂಕೋಚವಾಗಲಿಲ್ಲ. ಇನ್ನು ಮುಂದೆ ಭಾಷಣಗಳಲ್ಲಿ ಅವರ ಹೆಸರು ಹೇಳುವಾಗ ವೀಕ್ಷಣಾಲಯದ ವೈಭವದ ಜೊತೆಗೆ ಈ 27ನ್ನೂ ಹೇಳಬೇಕೆಂದು ನಿರ್ಧರಿಸಿದ್ದೇವೆ.

ಈಗ ನಮ್ಮ ಗುಂಪಿಗೆ ಕೆಲವು ನಿಯಮಗಳಿವೆ. ಮೊದಲು ನೋಡಿದವರು ಏನು ಕಂಡರೆಂದು ಹೇಳುವಂತಿಲ್ಲ. ಪ್ರತಿಯೊಬ್ಬರೂ ನೋಡಿ ಬಂದು, ಪ್ರತ್ಯೇಕವಾಗಿ ಕುಳಿತು, ಒಂದು ವೃತ್ತ ಬರೆದು, ಅದರೊಳಗೆ ನಕ್ಷತ್ರಗಳು ಎಲ್ಲಿದ್ದವು, ಮಬ್ಬು ಎಲ್ಲಿತ್ತು ಎಂದು ಗುರುತಿಸಬೇಕು. ಎಲ್ಲರೂ ಮುಗಿಸಿದ ಮೇಲೆ ಚಿತ್ರಗಳನ್ನು ಒಟ್ಟಿಗೆ ಇಟ್ಟು ಹೋಲಿಸುತ್ತೇವೆ. ಪುಸ್ತಕದ ಚಿತ್ರವನ್ನು ತೆರೆಯುವುದು ಕೊನೆಗೆ. ಹಾಜರಿಯ ಚೌಕದಲ್ಲಿ ‘ಹಾ’ ಮಾತ್ರವಲ್ಲ, ಕಾಣಲಿಲ್ಲ ಎಂಬುದಕ್ಕೆ ‘ಇ’, ಸಂದೇಹಕ್ಕೆ ‘ಸಂ’ ಎಂದೂ ಬರೆಯುತ್ತೇವೆ. ಮೊದಲ ವರ್ಷ ಆ ಪುಸ್ತಕದಲ್ಲಿ ‘ಇ’ ಎಂಬುದೇ ಇರಲಿಲ್ಲ. ಈಗ ಬೇಕಾದಷ್ಟಿವೆ. ನಮ್ಮ ಪಾಲಿಗೆ ಅದು ಪುಸ್ತಕದ ಉತ್ತಮ ಭಾಗ.

ಎಂ 74 ಮೂರನೆಯ ಚಳಿಗಾಲದಲ್ಲಿ ಸಿಕ್ಕಿತು. ಈ ಬಾರಿ ಸರಿಯಾದ ನಕ್ಷತ್ರದಿಂದ ಹೊರಟಿದ್ದೆವು. ಆ ಹುಡುಗಿ ನೋಡಿ ಬಂದು, ಕಾಫಿ ರಾಶಿಯ ಪಕ್ಕ ಕುಳಿತು ಚಿತ್ರ ಬರೆದಳು. ಅಧ್ಯಾಪಕರು ಇನ್ನೊಂದು ಮೂಲೆಯಲ್ಲಿ ಬರೆದರು. ಎರಡೂ ಚಿತ್ರಗಳಲ್ಲಿ ಮಬ್ಬು ಒಂದೇ ಜಾಗದಲ್ಲಿತ್ತು. ಅವಳು ಪೆನ್ನು ತೆಗೆದುಕೊಂಡು ತನ್ನ ಚೌಕದಲ್ಲಿ ‘ಹಾ’ ಎಂದು ಬರೆದಳು. ನಾವು ಅಂದೂ ಬಹಳ ಹೊತ್ತು ನೋಡಿದೆವು. ನಲವತ್ತು ದಾಟಿದ ಕಣ್ಣು. ಒಮ್ಮೆ ಏನೋ ಇದ್ದಂತೆ, ಮರುಕ್ಷಣ ಇಲ್ಲದಂತೆ. “ಏನು ಬರೆಯಲಿ ಉಸ್ತಾದ್?” ಎಂದು ಅವಳೇ ಕೇಳಿದಳು. “ಸಂ” ಎಂದೆವು. ಹೊಡೆದು ಹಾಕಿದ ಅಕ್ಷರದ ಪಕ್ಕ ಈಗ ಅದು ಇದೆ.

ಪುಸ್ತಕ ಇನ್ನೂ ಮುಗಿದಿಲ್ಲ. ಮುಗಿದರೂ ಆಕಾಶ ಮುಗಿಯುವುದಿಲ್ಲ. ಮೆಸಿಯೇ ನೋಡಿದ್ದು ಪ್ಯಾರಿಸ್‌ನಿಂದ. ಅಲ್ಲಿಂದ ದಕ್ಷಿಣದ ಆಕಾಶದ ಬಹುಭಾಗ ಕಾಣದು. ಏಪ್ರಿಲ್–ಮೇ ತಿಂಗಳ ರಾತ್ರಿ ನಮ್ಮ ದಕ್ಷಿಣ ದಿಕ್ಕಿನಲ್ಲಿ ಏರಿ ಬರುವ ಒಮೆಗಾ ಸೆಂಟಾರಿ ಎಂಬ ಭಾರಿ ನಕ್ಷತ್ರಗುಚ್ಛ ಅವರ ಪಟ್ಟಿಯಲ್ಲಿ ಇಲ್ಲ. ಅವರು ಕಾಣದ್ದನ್ನು ಅವರು ಬರೆಯಲಿಲ್ಲ, ಅಷ್ಟೇ. ಅದಕ್ಕಾಗಿ ಹಿಂದಿನ ಹಾಳೆಯಲ್ಲಿ ನಮ್ಮದೇ ಒಂದು ಸಾಲು ಹಾಕಿದ್ದೇವೆ.

ಈ ಬರಹವನ್ನು ಓದುವ ತಂದೆ ತಾಯಂದಿರಲ್ಲಿ ಒಂದು ವಿನಂತಿ. ದೂರದರ್ಶಕ ಬೇಕಾಗಿಲ್ಲ, ಘಟ್ಟ ಹತ್ತಬೇಕಾಗಿಲ್ಲ. ಡಿಸೆಂಬರ್ ಅಥವಾ ಜನವರಿಯ ಒಂದು ರಾತ್ರಿ ಇಶಾ ನಮಾಝಿನ ಬಳಿಕ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಬನ್ನಿ. ಮನೆಯ ದೀಪಗಳನ್ನು ಆರಿಸಿ. ನೆತ್ತಿಯ ಕಡೆಗೆ ದ್ರಾಕ್ಷಿಗೊಂಚಲಿನಂತಹ ಒಂದು ಸಣ್ಣ ಗುಂಪು ಕಾಣುತ್ತದೆ. ಕನ್ನಡದಲ್ಲಿ ಕೃತ್ತಿಕೆ, ಅರಬಿಯಲ್ಲಿ ಸುರಯ್ಯಾ. ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರಾಗಿರುವುದು ಅದುವೇ. ಪಟ್ಟಿಯಲ್ಲಿ ಅದು 45ನೆಯದ್ದು. ಅದರಲ್ಲಿ ಎಷ್ಟು ನಕ್ಷತ್ರಗಳು ಕಾಣುತ್ತವೆಂದು ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಎಣಿಸಿ. ಒಬ್ಬರಿಗೆ ಆರು ಕಾಣಬಹುದು, ಒಬ್ಬರಿಗೆ ಐದು, ಕನ್ನಡಕ ಮರೆತ ಅಜ್ಜನಿಗೆ ಬರೀ ಮಬ್ಬು. ಮಗು ನಿಮಗಿಂತ ಕಡಿಮೆ ಹೇಳಿದರೆ ತಿದ್ದಬೇಡಿ. ಹೆಚ್ಚು ಹೇಳಿದರೆ, ಎಲ್ಲೆಲ್ಲಿ ಕಂಡಿತೆಂದು ಚಿತ್ರ ಬರೆಯಲು ಹೇಳಿ. ನಿಮಗೆ ಕಾಣದಿದ್ದರೆ ಕಾಣಲಿಲ್ಲವೆಂದು ಅವರ ಮುಂದೆಯೇ ಹೇಳಿ. ನಾವು ಅದನ್ನು ಹೇಳಲು ತಡಮಾಡಿದೆವು.